ಸಾಹೇಬರ ಬಾಗಿಲ ಯತ್ತಪ್ಪ

ಯತ್ತಪ್ಪನನ್ನು ನಾನು ಮೊದಲು ನೋಡಿದ್ದು 1996ನೇ ಇಸವಿ ಜೂನ್ ಹತ್ತರಂದು, ಸೋಮವಾರ. ತಾರೀಖು ನೆನಪಿರಲು ಕಾರಣ, ಅದು ನಾನು ಕೆಲಸಕ್ಕೆ ಸೇರಿದ ದಿನ. ಹರಿಯಬ್ಬೆಯಿಂದ ನಾನೂ ಅಪ್ಪನೂ ಬೆಳಗಿನ ಮೊದಲ ಬಸ್ಸಿಗೆ ಹಿರಿಯೂರಿಗೆ ಬಂದು, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಆ ತಾಲ್ಲೂಕು ಕಚೇರಿ ತಲುಪಿದಾಗ ಹತ್ತೂಕಾಲು ಆಗಿತ್ತು. ಯಾವ ತಾಲ್ಲೂಕು ಎಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಜಿಲ್ಲೆಯದೇ ಒಂದು ಎಂದರೆ ಸಾಕು.

ಅಪ್ಪ ಒಗೆದ ಪಂಚೆ ಉಟ್ಟು, ಮದುವೆಮನೆಗೆ ಹೊರಟವರಂತೆ ಹೆಗಲ ಮೇಲೆ ಹೊಸ ಟವೆಲ್ ಹಾಕಿಕೊಂಡಿದ್ದರು. ಕಚೇರಿಯ ಗೇಟಿನಲ್ಲೇ ಚಪ್ಪಲಿ ಬಿಟ್ಟಿದ್ದರು. ಬಿಡಬೇಕಿಲ್ಲ ಎಂದು ನಾನು ಹೇಳಲಿಲ್ಲ, ಬಿಡಬೇಕೋ ಬೇಡವೋ ನನಗೂ ಗೊತ್ತಿರಲಿಲ್ಲ. ಮೆಟ್ಟಿಲು ಹತ್ತಿ ಪಡಸಾಲೆಗೆ ಬಂದರೆ ಎದುರಿಗೆ ತಹಸೀಲ್ದಾರರ ಕೋಣೆ. ಬಾಗಿಲಿಗೆ ಹಸಿರು ಪರದೆ. ಪರದೆಯ ಪಕ್ಕ ಒಬ್ಬ ತೆಳ್ಳಗಿನ ಆಳು ನಿಂತಿದ್ದ. ವಯಸ್ಸು ಮೂವತ್ತೈದು ಇದ್ದೀತು. ಕಾಲರ್ ಮಗುಚಿ ಹೊಲಿಸಿದ ಬಿಳಿ ಅಂಗಿ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹುಣಸೇಹಣ್ಣು ಹಚ್ಚಿ ಉಜ್ಜಿದ ಹಿತ್ತಾಳೆ ಬಿಲ್ಲೆ. ಕಾಲಿಗೆ ಏನೂ ಇರಲಿಲ್ಲ. ಪಕ್ಕದಲ್ಲಿ ಸ್ಟೂಲು ಇದ್ದರೂ ನಿಂತೇ ಇದ್ದ.

“ಎಲ್ಲಿಗೆ ನುಗ್ತಿದೀರಿ? ಅರ್ಜಿ ಆದ್ರೆ ಆ ಕಂಬದ ತಾವ ನಿಂತ್ಕಳ್ರಿ,” ಎಂದ.

“ಅರ್ಜಿ ಅಲ್ಲ. ಆರ್ಡರ್ ಐತೆ,” ಎಂದೆ.

ಲಕೋಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಬಿಚ್ಚಲಿಲ್ಲ. ಮೇಲಿದ್ದ ಮುದ್ರೆಯನ್ನು ಮಾತ್ರ ನೋಡಿದ. “ಎಂಥಾ ಆರ್ಡರ್ರು?”

“ಗುಮಾಸ್ತನ ಕೆಲಸದ್ದು.”

ಅವನ ಬೆನ್ನು ಅಲ್ಲೇ ಬಾಗಿತು. ಸ್ಟೂಲನ್ನು ಅಂಗಿಯ ತುದಿಯಿಂದ ಒರೆಸಿ, “ಕುಂತ್ಕಳ್ರಿ ಸಾಮಿ. ಸಾಹೇಬ್ರು ಹನ್ನೊಂದಕ್ಕೆ ಬರ್ತಾರೆ,” ಎಂದ. ಅಪ್ಪ ಪಕ್ಕದ ಬೆಂಚಿನ ತುದಿಗೆ ಕೂರಲು ಹೋದರು. “ಏ ಯಜಮಾನ, ನೀನು ಕಂಬದ ತಾವ,” ಎಂದ.

“ಅವರು ನಮ್ಮಪ್ಪ,” ಎಂದೆ.

ಯತ್ತಪ್ಪ ಸ್ವಲ್ಪ ಹೊತ್ತು ನಿಜವಾಗಿಯೇ ಯೋಚಿಸಿದ. ಆಮೇಲೆ, “ಆರ್ಡರು ನಿಮ್ಮ ಹೆಸ್ರಿಗೆ ಐತಲ್ಲ ಸಾಮಿ,” ಎಂದ. ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಅಪ್ಪ ನಕ್ಕು, “ಅವ್ನು ಹೇಳೋದು ಸರಿ ಐತೆ ಬಿಡಪ್ಪ,” ಎಂದು ಹೋಗಿ ಕಂಬಕ್ಕೆ ಒರಗಿ ನಿಂತರು. ಮುಕ್ಕಾಲು ಗಂಟೆ ಅಪ್ಪ ನಿಂತೇ ಇದ್ದರು. ನಾನು ಸ್ಟೂಲಿನ ಮೇಲೆ ಕೂತಿದ್ದೆ.

ಯತ್ತಪ್ಪನ ಊರು ಕಚೇರಿಯಿಂದ ಆರು ಮೈಲಿ. ಮನೆ ಊರ ಹೊರಗಿನ ಕಾಲೋನಿಯಲ್ಲಿ. ಅವನ ಅಪ್ಪ ಚಿಕ್ಕತಿಮ್ಮಪ್ಪ ಸತ್ತು ಹೋಗಿದ್ದ. ಹೆಂಡತಿ ಬೋರಕ್ಕ ಬಾಗೂರಿನ ಕಡೆಯವಳು. ಒಬ್ಬಳೇ ಮಗಳು, ಚೌಡೇಶ್ವರಿ. 1992ರಲ್ಲಿ ಕಚೇರಿಯ ಬಾಗಿಲು ಕಾಯುವ ಜವಾನ, ಖಾಯಂ ದಲಾಯತ್, ನಿವೃತ್ತನಾದಾಗ ಆ ಜಾಗಕ್ಕೆ ಸರ್ಕಾರ ಯಾರನ್ನೂ ಹಾಕಲಿಲ್ಲ. ಮೊಳೆಗೆ ನೇತುಹಾಕಿದ್ದ ಪಟ್ಟಿಯನ್ನು ದಿನಗೂಲಿಗೆ ಬರುತ್ತಿದ್ದ ಯತ್ತಪ್ಪನ ಹೆಗಲಿಗೆ ಯಾರೋ ಹಾಕಿದರು. ಅದಾದ ಮೇಲೆ ಬಾಗಿಲು ಅವನದಾಯಿತು.

ಕಚೇರಿಯ ಕಾನೂನು ನನಗೆ ಕಲಿಸಿದ್ದು ಪುಸ್ತಕಗಳಲ್ಲ, ಅವನೇ. ಸಾಹೇಬರ ಟೀ ಬಸಿಯಿರುವ ಕಪ್ಪಿನಲ್ಲಿ ಹೋಗಬೇಕು, ಶಿರಸ್ತೇದಾರರದು ಬಸಿಯಿಲ್ಲದ ಕಪ್ಪಿನಲ್ಲಿ. ನಮ್ಮಂಥ ಗುಮಾಸ್ತರಿಗೆ ಗಾಜಿನ ಲೋಟ. ಅವನದೊಂದು ಸ್ಟೀಲ್ ಲೋಟ ಕಿಟಕಿಯ ಹೊರಗಿನ ಗೂಡಿನಲ್ಲಿ ಇರುತ್ತಿತ್ತು. ಅದನ್ನು ಹೊರಗಿಡು ಎಂದು ಯಾರಾದರೂ ಹೇಳಿದ್ದರೇ ಎಂದು ಒಮ್ಮೆ ಕೇಳಿದೆ. “ಹೇಳೋಗಂಟ ಯಾಕೆ ಕಾಯ್ಬೇಕು ಸಾಮಿ?” ಎಂದ.

ಕೂಗುವುದರಲ್ಲೂ ಅಂತಸ್ತುಗಳಿದ್ದವು. ದೊಡ್ಡವರನ್ನು ಅವನು ಕೂಗುತ್ತಲೇ ಇರಲಿಲ್ಲ. ಅವರು ಕೂತಲ್ಲಿಗೆ ಹೋಗಿ, ಬಾಗಿ, ಕಿವಿಯ ಹತ್ತಿರ ಹೇಳುತ್ತಿದ್ದ. ಅಂಗಡಿಯವರು, ಮೇಷ್ಟ್ರುಗಳು, ಸ್ವಲ್ಪ ಜಮೀನು ಇದ್ದವರು ಬಂದರೆ ಹೆಸರಿನ ಮುಂದೆ “ನವರೂ” ಎಂದು ಎಳೆದು ಒಂದೇ ಸಲ. ಉಳಿದವರಿಗೆ ಬರೀ ಹೆಸರು, ಮೂರು ಸಲ. ಮೂರನೇ ಕೂಗಿಗೂ ಬಾರದವನು ಗೈರುಹಾಜರು. ಆಗ ಒಳಗೆ ತಲೆಹಾಕಿ, “ಇಲ್ಲ ಸಾಮಿ,” ಅನ್ನಬೇಕು. ಬಂದಿದ್ದರೆ, “ಬಂದವ್ನೆ ಸಾಮಿ.” ಗೈರುಹಾಜರಾದವರ ಅರ್ಜಿ ಮುಂದಿನ ಸಭೆಗೆ ಹೋಗುತ್ತದೆ. ಇಷ್ಟು ಬಿಟ್ಟರೆ ಸಾಹೇಬರ ಎದುರು ಬಾಗಿಲಿನವನಿಗೆ ಬೇರೆ ಮಾತಿಲ್ಲ. ಹತ್ತು ವರ್ಷದಲ್ಲಿ ಐದು ಜನ ಸಾಹೇಬರು ಬಂದುಹೋದರು. ಐದೂ ಜನರ ಎದುರು ಅವನು ಆಡಿದ್ದು ಈ ಎರಡೇ ಮಾತು. ಅವರೂ ಅವನನ್ನು “ಏಯ್” ಎಂದೋ ಗಂಟೆ ಬಾರಿಸಿಯೋ ಕರೆಯುತ್ತಿದ್ದರು. ಹೆಸರು ಕೇಳಿದವರಿಲ್ಲ.

ಅವನು ಮೆತ್ತನೆಯ ಮನುಷ್ಯ ಎಂದು ಬರೆದರೆ ಸುಳ್ಳಾಗುತ್ತದೆ. ಕಾಲೋನಿಗಳಿಂದ ಬಂದ ಹೆಂಗಸರನ್ನು ಅವನು ಗದರಿಸುವ ರೀತಿ ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. “ಆಚೆಗೆ ಸರೀರಿ, ಗಾಳಿ ಬಿಡ್ರಿ,” ಎಂದು ತನ್ನ ಓಣಿಯವರನ್ನೇ ನೆಲಕ್ಕೆ ಕೂರಿಸುತ್ತಿದ್ದ. ಊರಿನಲ್ಲಿ ಗೌಡರ ಮನೆ ಮುಂದೆ ಹಾದುಹೋಗುವಾಗ ಚಪ್ಪಲಿ ಕೈಗೆ ತೆಗೆದುಕೊಳ್ಳುವವನು ಅವನು. ಆದರೆ ಅದೇ ಗೌಡರ ತಮ್ಮ ಕಚೇರಿಗೆ ಬಂದರೆ, ಇವನು ಪರದೆ ಸರಿಸುವ ತನಕ ಕಾಯಲೇಬೇಕು. ಆ ಒಂದು ಗಳಿಗೆಯ ರುಚಿ ಅವನಿಗೆ ಹತ್ತಿಬಿಟ್ಟಿತ್ತು. ಬೋರಕ್ಕನ ಅಣ್ಣ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ರೈಲ್ವೆ ಗ್ಯಾಂಗಿನಲ್ಲಿದ್ದ. ಖಾಲಿ ಜಾಗವಿದೆ, ಬಾ, ಸೇರಿಸುತ್ತೇನೆ ಎಂದು ಒಮ್ಮೆ ಕರೆದಿದ್ದನಂತೆ. “ಹಳಿ ಮ್ಯಾಲೆ ಜಲ್ಲಿ ತುಂಬೋ ಕೆಲಸ. ಇಲ್ಲಿ ಸಾಹೇಬ್ರ ಬಾಗ್ಲು,” ಎಂದು ಇವನು ಹೋಗಲಿಲ್ಲ.

ಅವನಿಗೆ ಬೇಕಾದದ್ದು ಜಗತ್ತಿನಲ್ಲಿ ಒಂದೇ, ಎರಡು ಎಕರೆ ನೆಲ. ಊರ ಗೋಮಾಳದ ಅಂಚಿನಲ್ಲಿ ಚಿಕ್ಕತಿಮ್ಮಪ್ಪ ಎಪ್ಪತ್ತರ ದಶಕದಲ್ಲಿ ಕಲ್ಲು ಕಿತ್ತು, ಕಳ್ಳಿ ಕಡಿದು ಹಸನು ಮಾಡಿದ ಜಾಗ. ಅಲ್ಲಿ ಹುರುಳಿ, ರಾಗಿ ಬೆಳೆಯುತ್ತಿದ್ದರು. ಆದರೆ ಕಾಗದದಲ್ಲಿ ಅದು ಸರ್ಕಾರದ್ದು. ಇಂಥ ನೆಲವನ್ನು ಉಳುವವರ ಹೆಸರಿಗೆ ಮಾಡಿಕೊಡುತ್ತೇವೆಂದು 1991ರಲ್ಲಿ ಸರ್ಕಾರ ಅರ್ಜಿ ಕರೆದಾಗ ಯತ್ತಪ್ಪ ತನ್ನ ಹೆಸರಿನಲ್ಲಿ ಅರ್ಜಿ ಹಾಕಿದ್ದ. ಸಾಗುವಳಿ ಚೀಟಿ ಒಂದು ಕೈಗೆ ಬಂದರೆ ನೆಲ ಅವನದು. ಅದಕ್ಕೊಂದು ಸಮಿತಿ ಇತ್ತು. ಸಮಿತಿ ಕೂರುತ್ತಿದ್ದದ್ದು ಅವನು ಕಾಯುವ ಕೋಣೆಯಲ್ಲೇ. ಅವನ ಅರ್ಜಿ ಇದ್ದ ಕಡತ ನನ್ನ ಹಿಂದಿನ ಬೀರುವಿನಲ್ಲಿತ್ತು. ವಾರಕ್ಕೆ ಎರಡು ಸಲ ಆ ಕಟ್ಟನ್ನು ಅವನೇ ಹೊತ್ತು ಒಳಗೆ ಇಟ್ಟು ಬರುತ್ತಿದ್ದ, ಅವನೇ ಹೊರಗೆ ತರುತ್ತಿದ್ದ.

ಅವನ ನೆಲಕ್ಕೆ ತಾಗಿ ಲಕ್ಷ್ಮೀಕಾಂತ್ ಎಂಬ ಕಂಟ್ರಾಕ್ಟರರ ಹನ್ನೆರಡು ಎಕರೆ ಇತ್ತು. ಆ ಎರಡು ಎಕರೆಯ ಮೂಲಕವೇ ರಸ್ತೆಗೆ ದಾರಿ ಸಿಗಬೇಕಿದ್ದರಿಂದ ಅವರೂ ಅದರ ಮೇಲೆ ಕಣ್ಣಿಟ್ಟಿದ್ದರು. ಬೋರಕ್ಕ ಕಚೇರಿಗೆ ಬಂದಾಗಲೆಲ್ಲ ಇದೇ ಮಾತು.

“ಏ ಚೌಡಿ ಅಪ್ಪಾ, ದಿನಾ ಅವ್ರ ಮುಖ ನೋಡ್ತೀಯ. ಒಂದ್ ಮಾತು ಕೇಳಾಕೇನು? ನಾಲಿಗೆ ಊರಾಗೆ ಬಿಟ್ ಬಂದೀಯಾ?”

“ಕೇಳಿದ್ರೆ ನಾನೂ ಕಂಬದ ತಾವ ನಿಂತೋನೇ ಆಗ್ತೀನಿ,” ಎನ್ನುತ್ತಿದ್ದ. “ಹತ್ತು ವರ್ಷ ಬಾಗ್ಲು ಕಾದೋನ ಮ್ಯಾಲೆ ಅವ್ರಿಗೇ ಕಣ್ಣಿರ್ತದೆ. ದೊಡ್ಡೋರು ಬಾಯಾಗೆ ಹೇಳಲ್ಲ, ನೋಡ್ಕಂಡಿರ್ತಾರೆ.”

ಇದು ಅವನು ಹೆಂಡತಿಯ ಬಾಯಿ ಮುಚ್ಚಿಸಲು ಹೇಳಿದ ಮಾತಲ್ಲ. ಅವನು ಅದನ್ನು ನಂಬಿದ್ದ, ದೇವರನ್ನು ನಂಬಿದ ಹಾಗೆ. ನಮ್ಮ ಅಪ್ಪನೂ ಜಮೀನ್ದಾರರ ಬಗ್ಗೆ ಹೀಗೇ ಮಾತಾಡುತ್ತಿದ್ದರು.

2002ರ ಮಾರ್ಚಿನಲ್ಲಿ ಸಮಿತಿಯ ಸಭೆ ನಿಗದಿಯಾಯಿತು. ಅರ್ಜಿದಾರರ ಹೆಸರಿನ ಪಟ್ಟಿ ಟೈಪು ಮಾಡಿದ್ದು ನಾನು. ನಲವತ್ತೊಂದನೇ ಹೆಸರು: ಯತ್ತಪ್ಪ ಬಿನ್ ಚಿಕ್ಕತಿಮ್ಮಪ್ಪ. ಹಿಂದಿನ ದಿನ ಮಧ್ಯಾಹ್ನ ಕ್ಯಾಂಟೀನಿನ ಹತ್ತಿರ ಅವನಿಗೆ ಹೇಳಿದೆ. ಮುಖ ಅರಳಲಿಲ್ಲ, ಬಿಳಿಚಿಕೊಂಡಿತು.

“ಕೂಗೋನು ನಾನೇ ಅಲ್ವಾ ಸಾಮಿ?”

ಜೀಪ್ ಡ್ರೈವರ್ ಗೌಸ್ ಪೀರ್ ಪಕ್ಕದಲ್ಲೇ ಟೀ ಕುಡಿಯುತ್ತಿದ್ದ. ಚಿತ್ರದುರ್ಗದ ಕೋಟೆ ಕೆಳಗಿನ ಓಣಿಯವನು, ಯಾರನ್ನೂ ಗೇಲಿ ಮಾಡದೆ ಬಿಟ್ಟವನಲ್ಲ. “ಕೊಡಪ್ಪ ಆ ಎದೆ ಪಟ್ಟೀನ ಇತ್ಲಾಗೆ. ಅರ್ಧ ಗಂಟೆ ನಾನು ದಲಾಯತ್ ಆಗ್ತೀನಿ, ನೀನು ಒಳಗೋಗಿ ಸಾವ್ಕಾರ ಆಗ್ ಬಾ,” ಎಂದ.

“ಜೀಪು ಓಡ್ಸೋನ ಕೈಗೆ ಬಾಗ್ಲು ಕೊಡಾಕಾಗ್ತದಾ?”

“ಯಾಕೆ, ನಿನ್ ಬಾಗ್ಲಿಗೆ ನಾಲ್ಕು ಗೇರ್ ಅವಾ?”

ನಾವಿಬ್ಬರೂ ನಕ್ಕೆವು. ಯತ್ತಪ್ಪ ನಗಲಿಲ್ಲ. “ಪಟ್ಟಿ ಹಾಕ್ಕಂಡೇ ಒಳಗೋದ್ರೆ, ಸರ್ಕಾರದ ಮನುಷ್ಯಂಗೆ ಜಮೀನ್ಯಾಕೆ ಅಂತಾರೆ. ತೆಗೆದಿಟ್ಟು ಹೋದ್ರೆ, ಬಾಗ್ಲು ಬಿಟ್ಟು ಹೋಗು ಅಂತ ಯಾವನ್ ಹೇಳ್ದ ಅಂತಾರೆ,” ಎಂದ.

“ನಾಳೆ ಒಂದಿನ ಕೆಲಸಕ್ಕೆ ಬರಬೇಡ, ಬರೀ ಅರ್ಜಿದಾರನಾಗಿ ಬಾ,” ಎಂದೆ.

“ದಿನಗೂಲಿಯೋನು ಸಭೆ ದಿನ ಬರ್ದಿದ್ರೆ ನಾಡಿದ್ದು ಬರೋದು ಬ್ಯಾಡ ಅಂತಾರೆ ಸಾಮಿ.”

ಅದೂ ನಿಜ. ಬೆಳಿಗ್ಗೆ ನಾನೇ ಸಾಹೇಬರಿಗೆ ಒಂದು ಮಾತು ಹೇಳುತ್ತೇನೆ ಎಂದೆ. ಹೇಳಲಿಲ್ಲ. ಕಡತ ಹಿಡಿದು ಎರಡು ಸಲ ಒಳಗೆ ಹೋದೆ. ಮೊದಲ ಸಲ ಫೋನಿನಲ್ಲಿದ್ದರು. ಎರಡನೇ ಸಲ, “ಏನ್ರೀ?” ಎಂದರು. “ಪಟ್ಟಿ ಸರ್,” ಎಂದು ಇಟ್ಟು ಬಂದೆ.

ಸಭೆ ಹನ್ನೊಂದೂವರೆಗೆ ಶುರುವಾಯಿತು. ಪಡಸಾಲೆಯಲ್ಲಿ ಇನ್ನೂರು ಜನ. ಒಳಗೆ ಅಧ್ಯಕ್ಷರು, ಸದಸ್ಯರು, ಸಾಹೇಬರು. ಲಕ್ಷ್ಮೀಕಾಂತ್ ಸಮಿತಿಯಲ್ಲಿ ಏನೂ ಅಲ್ಲದಿದ್ದರೂ ಒಳಗೆ ಅವರಿಗೊಂದು ಕುರ್ಚಿ ಇತ್ತು. ಆ ಕುರ್ಚಿ ತಂದು ಹಾಕಿದವನು ಯತ್ತಪ್ಪನೇ. ನಾನು ಮೇಜಿನ ತುದಿಯಲ್ಲಿ ನಡಾವಳಿ ಪುಸ್ತಕ ಹಿಡಿದು ಕೂತಿದ್ದೆ. ಬಾಗಿಲ ಪರದೆ ಅಂದು ಮೇಲೆತ್ತಿ ಕಟ್ಟಿದ್ದರಿಂದ ಪಡಸಾಲೆ ನನಗೆ ಕಾಣುತ್ತಿತ್ತು. ಮುಂದಿನ ಸಾಲಿನಲ್ಲೇ ಬೋರಕ್ಕ ಕಾಗದಗಳ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

ನಲವತ್ತು ಮುಗಿಯಿತು. ಸಾಹೇಬರು ತಲೆಯೆತ್ತದೆ ಓದಿದರು: “ಯತ್ತಪ್ಪ ಬಿನ್ ಚಿಕ್ಕತಿಮ್ಮಪ್ಪ.”

ಯತ್ತಪ್ಪ ಪಡಸಾಲೆಯ ಕಡೆ ತಿರುಗಿದ. ಅಂದು ಬೆಳಿಗ್ಗೆಯಿಂದ ಕೂಗಿದ್ದ ಗಂಟಲಿನಲ್ಲೇ ಕೂಗಿದ. “ಯತ್ತಪ್ಪಾ... ಚಿಕ್ಕತಿಮ್ಮಪ್ಪನ ಮಗ ಯತ್ತಪ್ಪಾ...” ಹೆಸರಿಗೆ ಏನನ್ನೂ ಸೇರಿಸಲಿಲ್ಲ, ಬರೀ ಹೆಸರು. ಜನರಲ್ಲಿ ಗೊತ್ತಿದ್ದವರು ಕಿಸಕ್ಕನೆ ನಕ್ಕರು. “ನಿನ್ನೇ ನೀನು ಕೂಗ್ತೀಯಲ್ಲೋ ಮಾರಾಯ!” ಎಂದ ಒಬ್ಬ ಮುದುಕ. ಎರಡನೇ ಸಲ ಕೂಗಿದ. ಬೋರಕ್ಕ ಮುಂದೆ ಬಂದು ಅವನ ತೋಳು ಹಿಡಿದಳು. “ಒಳಿಕ್ಕೆ ಹೋಗು. ನಿಂಗೇನು ಗ್ರಹ ಬಡಿದೈತಾ? ಹೋಗು ಒಳಿಕ್ಕೆ!”

“ಗಲಾಟೆ ಮಾಡ್ಬ್ಯಾಡ. ಸಭೆ ನಡೀತೈತೆ,” ಎಂದು ಅವಳ ಕೈ ಬಿಡಿಸಿದ. ಮೂರನೇ ಸಲ ಕೂಗಿದ.

“ಏನದು ಗಲಾಟೆ?” ಎಂದರು ಸಾಹೇಬರು.

ಯತ್ತಪ್ಪ ಹೆಂಡತಿಯನ್ನು ಹಿಂದಕ್ಕೆ ಸರಿಸಿದ.

“ಬಂದಿದ್ದಾನಾ?”

ನಾನು ಪೆನ್ನು ಎತ್ತಿ ಅವನ ಮುಖ ನೋಡಿದೆ. ಅವನೂ ನನ್ನನ್ನು ನೋಡಿದ. ಸುಮ್ಮನಿರಿ ಎಂಬಂತೆ ತಲೆಯನ್ನು ಸಣ್ಣಗೆ ಅಲ್ಲಾಡಿಸಿ, “ಇಲ್ಲ ಸಾಮಿ,” ಎಂದ.

ಲಕ್ಷ್ಮೀಕಾಂತ್ ಟೀ ಕಪ್ಪು ಕೆಳಗಿಟ್ಟರು. ಅವರಿಗೆ ಯತ್ತಪ್ಪ ಯಾರೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. “ಬರ್ಕಳ್ರಿ. ಮುಂದಿನದು,” ಎಂದರು ಸಾಹೇಬರು. ನಾನು ಬರೆದೆ: ಮೂರು ಬಾರಿ ಕೂಗಿಸಲಾಗಿ ಅರ್ಜಿದಾರರು ಗೈರುಹಾಜರು, ಅರ್ಜಿ ವಜಾ. ಆ ಸಾಲಿನ ಅಕ್ಷರ ನನ್ನದು. ಈಗಲೂ ಆ ಪುಸ್ತಕದಲ್ಲಿ ಇರಬೇಕು.

ಊಟದ ಬಿಡುವಿನಲ್ಲಿ ಅವನು ನನ್ನ ಮೇಜಿನ ಹತ್ತಿರ ಬಂದ. ಮುಖದಲ್ಲಿ ಏನೋ ಉಪಾಯ ಮಾಡಿ ಗೆದ್ದವನ ಗೆಲುವು ಇತ್ತು.

“ಗೈರು ಅಂದ್ರೆ ಮುಂದಿನ ಸಭೆಗೆ ಹಾಕ್ತಾರಲ್ಲ ಸಾಮಿ. ಅಷ್ಟೊತ್ತಿಗೆ ಏನಾದ್ರೂ ದಾರಿ ಮಾಡ್ಕಂತೀನಿ. ಈಗ ಒಳಗೋಗಿದ್ರೆ ಎದೆ ಮ್ಯಾಲಿನ ಪಟ್ಟಿ ನೋಡಿ ಅಲ್ಲೇ ವಜಾ ಮಾಡೋರು.”

ನಾನು ಊಟದ ಡಬ್ಬಿ ಬದಿಗೆ ಸರಿಸಿದೆ. “ಮುಂದಿನ ಸಭೆ ಇಲ್ಲ ಯತ್ತಪ್ಪ. ಇದೇ ಕೊನೆ. ಬಾರದೆ ಇದ್ದವರದೆಲ್ಲ ವಜಾ ಅಂತ ಮೇಲಿನಿಂದ ಕಾಗದ ಬಂದಿತ್ತಲ್ಲ.”

“ಯಾವ ಕಾಗದ?”

“ಹೋದ ತಿಂಗಳು ಟಪಾಲಿನಲ್ಲಿ ನೀನೇ ತಂದು ಕೊಟ್ಟೆಯಲ್ಲ.”

ಅವನಿಗೆ ಸಹಿ ಮಾಡುವಷ್ಟು ಅಕ್ಷರ ಬರುತ್ತಿತ್ತು, ಅಷ್ಟೇ. ಕಚೇರಿಯಲ್ಲಿ ಅವನಿಗೆ ತಿಳಿಯದ್ದು ಏನೂ ಇಲ್ಲ ಎಂದು ನಾವೆಲ್ಲ ನಂಬಿದ್ದೆವು, ಅವನೂ ನಂಬಿದ್ದ. ತಿಳಿದದ್ದೆಲ್ಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡದ್ದು. ಆ ಕಾಗದದ ಬಗ್ಗೆ ಕೋಣೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಿರಲಿಲ್ಲ. ನಾನು ಅವನಿಗೆ ಓದಿ ಹೇಳಬಹುದಿತ್ತು. ಅದು ನನಗೆ ಹೊಳೆಯಲಿಲ್ಲ.

 ಒಳಗೆ ಗಂಟೆ ಬಾರಿಸಿದರು, ಅವನು ಹೋದ. ಮಧ್ಯಾಹ್ನ ಉಳಿದ ಅರವತ್ತು ಹೆಸರನ್ನೂ ಅವನೇ ಕೂಗಿದ. ಧ್ವನಿ ಮಾತ್ರ ಸ್ವಲ್ಪ ಒಡೆದಿತ್ತು.

ಮೇಲ್ಮನವಿ ಹಾಕಬಹುದಿತ್ತು. ಚಿತ್ರದುರ್ಗದಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ. ನಾನೇ ಬರೆದು ತಯಾರು ಮಾಡಿ, ಒಂದು ಭಾನುವಾರ ಅವನ ಮನೆಗೆ ತೆಗೆದುಕೊಂಡು ಹೋದೆ. ಸಹಿ ಒಂದು ಬೇಕಿತ್ತು. ಯತ್ತಪ್ಪ ಗೋಡೆಗೆ ಒರಗಿ ಕಾಗದವನ್ನು ತಿರುವಿ ತಿರುವಿ ನೋಡಿದ.

“ಇದ್ರಾಗೆ ಸಾಹೇಬ್ರ ತಪ್ಪು ಅಂತ ಬರ್ದೀರಾ ಸಾಮಿ?”

“ಆದೇಶ ಸರಿ ಇಲ್ಲ ಅಂತ ಬರೆದಿದ್ದೇನೆ.”

“ಎಲ್ಡೂ ಒಂದೇ. ಸಾಹೇಬ್ರ ಮ್ಯಾಲೆ ನಾನು ಅಪೀಲು ಹಾಕೋದಾ? ಇಲ್ಲ ಅಂದೋನು ನಾನು, ಅವ್ರಲ್ಲ.”

ಬೋರಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. “ಕ್ಲರ್ಕಪ್ಪ, ನಾನು ಹೆಬ್ಬಟ್ಟು ಒತ್ತಿದ್ರೆ ನಡೀತದಾ?”

“ಇಲ್ಲಮ್ಮ. ಅರ್ಜಿದಾರರೇ ಹಾಕಬೇಕು.”

“ಹಂಗಾದ್ರೆ ಅರ್ಜಿದಾರ್ರನ್ನ ಹುಡುಕ್ಕೊಡ್ರಿ. ಮೂರು ಸಲ ಕೂಗಿದ್ರೂ ಸಿಗ್ಲಿಲ್ಲ ಅಂತ ನೀವೇ ಬರ್ಕಂಡಿದೀರಂತಲ್ಲ,” ಎಂದಳು. ಮತ್ತೆ ಹೋಗಿ ಒಲೆಯ ಮುಂದೆ ಕೂತಳು. ಚೌಡೇಶ್ವರಿ ನನಗೊಂದು ಲೋಟ ನೀರು ತಂದಿಟ್ಟಳು. ಆ ಹುಡುಗಿ ಆಗ ಏಳನೇ ಕ್ಲಾಸು.

ಅವನು ಸಹಿ ಹಾಕಲಿಲ್ಲ. ಮೂರು ತಿಂಗಳ ಗಡುವು ಮುಗಿಯಿತು. ಆ ಕಾಗದ ಬಹಳ ದಿನ ನನ್ನ ಡ್ರಾಯರಿನಲ್ಲಿತ್ತು.

ಮುಂದಿನ ವರ್ಷ ನನಗೆ ಹಿರಿಯೂರಿಗೆ ವರ್ಗವಾಯಿತು. ಉಳಿದದ್ದನ್ನು ಗೌಸ್ ಪೀರ್ ಸಿಕ್ಕಾಗ ಹೇಳಿದ. ಲಕ್ಷ್ಮೀಕಾಂತ್ ಆ ಎರಡು ಎಕರೆಗೂ ಸೇರಿಸಿ ಕಲ್ಲುಕಂಬ ನೆಟ್ಟು ತಂತಿ ಎಳೆಸಿದರು. ಅದು ಯಾವ ಆದೇಶದ ಮೇಲೆ ಎಂದು ಯಾರೂ ಕೇಳಲಿಲ್ಲ. ತಂತಿ ಎಳೆಯುವ ದಿನ ಬೋರಕ್ಕ ಒಬ್ಬಳೇ ಹೋಗಿ ಹುರುಳಿ ಹೊಲದ ನಡುವೆ ಕೂತಿದ್ದಳಂತೆ. ಕೆಲಸದವರು ಅವಳ ಸುತ್ತ ಗುಂಡಿ ತೋಡಿಕೊಂಡು ಹೋದರಂತೆ. ಯತ್ತಪ್ಪ ಅಂದೂ ಬಾಗಿಲಲ್ಲಿದ್ದ. ಲಕ್ಷ್ಮೀಕಾಂತ್ ಮಧ್ಯಾಹ್ನ ಸಾಹೇಬರನ್ನು ನೋಡಲು ಬಂದರು. ಅವರನ್ನು ಕೂಗದೆ, ಹತ್ತಿರ ಹೋಗಿ, ಬಾಗಿ ಹೇಳಿ ಒಳಗೆ ಬಿಟ್ಟ. “ನನ್ ಕಣ್ಣಾರೆ ನೋಡ್ದೆ ಸಾರ್,” ಎಂದ ಗೌಸ್ ಪೀರ್. ಅಂದು ಅವನು ಗೇಲಿ ಮಾಡಲಿಲ್ಲ.

2005ರಲ್ಲಿ ದಿನಗೂಲಿಯವರನ್ನು ತೆಗೆದು ಏಜೆನ್ಸಿಯವರನ್ನು ಹಾಕುವ ಆದೇಶ ಬಂತು. ಯತ್ತಪ್ಪ ಆಗ ಮಾತ್ರ ಜೀವನದಲ್ಲಿ ಮೊದಲ ಸಲ ಸಾಹೇಬರ ಎದುರು ಎರಡಕ್ಕಿಂತ ಹೆಚ್ಚು ಮಾತಾಡಿದನಂತೆ. ಹದಿಮೂರು ವರ್ಷ ಸರ್ಕಾರದ ಬಾಗಿಲು ಕಾದಿದ್ದೇನೆ, ಖಾಯಂ ಮಾಡಿ ಎಂದು. ಆ ಸಾಹೇಬರು ಹೊಸಬರು, ಒಳ್ಳೆಯವರೇ. ನಿಯಮದ ಪುಸ್ತಕ ತೆಗೆಸಿ ನೋಡಿ, “ನೀನು ಸರ್ಕಾರಿ ನೌಕರ ಅಲ್ಲಪ್ಪ. ಯಾವತ್ತೂ ಆಗಿರಲಿಲ್ಲ,” ಎಂದರಂತೆ. ಸರ್ಕಾರದ ಮನುಷ್ಯ ಅಂದುಕೊಂಡು ಜಮೀನು ಕೊಡುವುದಿಲ್ಲ ಎಂಬ ಭಯಕ್ಕೆ ಅವನು ಅಂದು ಇಲ್ಲ ಎಂದಿದ್ದ. ಅವನನ್ನು ಸರ್ಕಾರದ ಮನುಷ್ಯ ಎಂದು ಎಣಿಸಿದ್ದವನು ಅವನೊಬ್ಬನೇ. ಪಟ್ಟಿ, ಬಿಲ್ಲೆ ಎರಡನ್ನೂ ಬರೆಸಿಕೊಂಡು ವಾಪಸು ಪಡೆದರು.

ಹೋದ ತಿಂಗಳು ಕಚೇರಿ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾಗ ಅವನನ್ನು ಕಂಡೆ. ಚೌಡೇಶ್ವರಿ ಹತ್ತನೇ ಕ್ಲಾಸಿಗೆ ಬಿಟ್ಟು ಮದುವೆಯಾಗಿದ್ದಾಳೆ. ಬೋರಕ್ಕ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಕೂತು ಟೀ ಕುಡಿಯೋಣ ಬಾ ಎಂದೆ. “ನೀವು ಕುಂತ್ಕಳ್ರಿ ಸಾಮಿ,” ಎಂದು ನಿಂತೇ ಕುಡಿದ.

ಯತ್ತಪ್ಪ ಈಗ ತಾಲ್ಲೂಕು ಕಚೇರಿಯ ಕಾಂಪೌಂಡಿನ ಹೊರಗೆ, ಖಾಸಗಿಯವರು ಗುತ್ತಿಗೆ ಹಿಡಿದಿರುವ ಸೈಕಲ್ ಸ್ಟ್ಯಾಂಡಿನಲ್ಲಿ ಗಾಡಿಗಳಿಗೆ ಚೀಟಿ ಹರಿದು ಕೊಡುತ್ತಾನೆ.